ಫೋನು ಒಳ್ಳೆಯದಾ, ಕೆಟ್ಟದ್ದಾ ಅನ್ನುವುದಕ್ಕೂ ಮೊದಲು

ಸಂಪಾದಕರೇ,

ತಂತ್ರಜ್ಞಾನದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಚರ್ಚೆಯೆಲ್ಲ ಹೆಚ್ಚುಕಮ್ಮಿ ಲಾಭ-ನಷ್ಟದ ಲೆಕ್ಕವೇ. ಅದು ಬೇಕು. ಆದರೆ ಅದಕ್ಕೂ ಹಿಂದಿನ ಒಂದು ಪ್ರಶ್ನೆಯನ್ನು ಕೈಬಿಡುತ್ತಿದ್ದೇವೆ ಅಂತ ಬೇಜಾರಾಗಿ ಬರೆಯುತ್ತಿದ್ದೇನೆ.

ಆ ಪ್ರಶ್ನೆ ಜರ್ಮನ್ ತತ್ವಜ್ಞಾನಿ ಕಾಂಟ್‌ನದು. ನಮಗೆ ಅನುಭವ ಅನ್ನುವುದು ಆಗಬೇಕಾದರೆ ಮೊದಲೇ ಏನೇನು ಇರಬೇಕು ಅಂತ 1781ರಲ್ಲಿ ಅವನು ಕೇಳಿದ. ಇದಕ್ಕೇ ಟ್ರಾನ್ಸೆಂಡೆಂಟಲ್ ಚಿಂತನೆ ಅನ್ನುತ್ತಾರೆ. ಕನ್ನಡದಲ್ಲಿ ‘ಅನುಭವಾತೀತ’ ಅಂದುಬಿಡುತ್ತೇವೆ, ಕೇಳಿದವರು ಧ್ಯಾನ, ಸಮಾಧಿ ಅಂದುಕೊಳ್ಳುತ್ತಾರೆ. ಆದರೆ ಇಲ್ಲಿ ಮಾತು ಅನುಭವದ ಆಚೆಯದಲ್ಲ, ಅದರ ಬುಡದ್ದು.

ಇದೇ ಪ್ರಶ್ನೆಯನ್ನು ಉಪಕರಣಗಳ ಬಗ್ಗೆಯೂ ಕೇಳಬಹುದು. ಫೋನಿನ ಮ್ಯಾಪನ್ನೇ ನೋಡಿ. ನಡುವೆ ಒಂದು ನೀಲಿ ಚುಕ್ಕೆ, ಅದು ನಾನು. ನಾನು ತಿರುಗಿದರೆ ಊರೇ ತಿರುಗುತ್ತದೆ. 12 ನಿಮಿಷದ ದಾರಿ ಎದ್ದು ಕಾಣುತ್ತದೆ, 14 ನಿಮಿಷದ್ದು ಮಸುಕಾಗಿರುತ್ತದೆ. ಮ್ಯಾಪ್ ಸರಿ ತೋರಿಸಿತಾ ತಪ್ಪು ತೋರಿಸಿತಾ ಅಂತ ಜಗಳ ಆಡುತ್ತೇವೆ, ಆದರೆ ಊರು ಅಂದರೆ ನಾನು ಕಳೆಯಬೇಕಾದ ನಿಮಿಷಗಳು ಅಂತ ಯಾವಾಗ ಒಪ್ಪಿಕೊಂಡೆವು ಅಂತ ಕೇಳುವುದೇ ಇಲ್ಲ, ಅಲ್ವಾ?

1953ರಲ್ಲಿ ಮ್ಯೂನಿಕ್‌ನ ಉಪನ್ಯಾಸವೊಂದರಲ್ಲಿ ಇನ್ನೊಬ್ಬ ಜರ್ಮನ್ ತತ್ವಜ್ಞಾನಿ ಹೈಡೆಗರ್ ರೈನ್ ನದಿಯ ಬಗ್ಗೆ ಇಂಥದ್ದೇ ಮಾತು ಹೇಳಿದ. ಹಳೆಯ ಮರದ ಸೇತುವೆ ದಡಕ್ಕೆ ದಡ ಸೇರಿಸಿಕೊಂಡು ಇತ್ತು. ವಿದ್ಯುತ್ ಸ್ಥಾವರ ಬಂದ ಮೇಲೆ ನದಿಯೇ ಸ್ಥಾವರದೊಳಗಿನ ಸಾಮಾನಾಯಿತು, ನೀರಿನ ಒತ್ತಡ ಕೊಡುವ ಸಾಮಾನು.

ಎದುರು ವಾದವೂ ಗಟ್ಟಿಯಾಗೇ ಇದೆ. ಹೀಗೆ ಎಲ್ಲದರ ಹಿಂದಿನ ಹಿನ್ನೆಲೆ ಹುಡುಕುತ್ತಾ ಹೋದರೆ ಕಣ್ಣೆದುರಿನ ವಸ್ತುವೇ ಕಾಣೆಯಾಗುತ್ತದೆ ಅಂತ ಡಚ್ ಚಿಂತಕ ಪೀಟರ್-ಪಾಲ್ ಫರ್‌ಬೇಕ್ ಅಂಥವರು ಹೇಳುತ್ತಾರೆ. ನಿಜ, ಹೈಡೆಗರ್‌ನಲ್ಲಿ ಈ ದೋಷ ಜಾಸ್ತಿಯೇ ಇದೆ. ಆದರೆ ಫರ್‌ಬೇಕ್ ಅವರದೇ ಸ್ಕ್ಯಾನಿಂಗ್ ಉದಾಹರಣೆ ತೆಗೆದುಕೊಳ್ಳಿ. ಗರ್ಭದ ಸ್ಕ್ಯಾನ್ ಸುಮ್ನೆ ಚಿತ್ರ ತೋರಿಸುವುದಿಲ್ಲ. ಮಗುವನ್ನು ತಾಯಿಯಿಂದ ಬೇರೆಯಾದ ಜೀವವಾಗಿ, ಹುಟ್ಟುವ ಮೊದಲೇ ಒಬ್ಬ ರೋಗಿಯಾಗಬಲ್ಲ ಜೀವವಾಗಿ ಎದುರಿಗಿಡುತ್ತದೆ, ಆಮೇಲೆ ತಂದೆತಾಯಿ ಬೇಡವೆಂದರೂ ತೀರ್ಮಾನ ಮಾಡಲೇಬೇಕಾಗುತ್ತದೆ. ಇದು ಕಾಂಟ್‌ನ ಪ್ರಶ್ನೆಯೇ ತಾನೆ? ಸ್ಕ್ಯಾನಿಂಗ್ ಕೋಣೆಗೆ ಬಂದಿದೆ ಅಷ್ಟೆ. ಹಾಗಾಗಿ ಇದನ್ನು ಬಿಡುವುದು ಬೇಡ, ಒಟ್ಟು ತಂತ್ರಜ್ಞಾನಕ್ಕೆ ಒಂದೇ ಸಲ ಕೇಳುವ ಬದಲು ಒಂದೊಂದು ಉಪಕರಣ ಕೈಗೆತ್ತಿಕೊಂಡು ಕೇಳೋಣ ಅನ್ನುವುದು ನನ್ನ ವಾದ.

ಮುಂದಿನ ಸಲ ಎಐ ಬಗ್ಗೆ ಲೇಖನ ಹಾಕುವಾಗ, ಕೆಲಸ ಹೋಗುತ್ತಾ ಅನ್ನುವುದರ ಜೊತೆಗೆ ಇನ್ನೊಂದನ್ನೂ ಯಾರಿಂದಾದರೂ ಬರೆಸಿ. ಬರಹ ಅಂದರೆ ಮುಂದೆ ಯಾವ ಪದ ಬರಬಹುದು ಅನ್ನುವ ಲೆಕ್ಕ ಅಂತ ಮೊದಲೇ ಒಪ್ಪದೆ ಹೋಗಿದ್ದರೆ, ಆ ಲೆಕ್ಕದಿಂದಲೇ ಬರೆಯುವ ಎಐ ಯಂತ್ರ ಕಟ್ಟಲು ಆಗುತ್ತಿತ್ತಾ? ಓದಲು ಕಾಯುತ್ತಿರುತ್ತೇನೆ.

– ಒಬ್ಬ ಓದುಗ