ಹತ್ತೊಂಬತ್ತರ ತಪ್ಪಿಗೆ ನಲವತ್ತೈದರಲ್ಲೂ ಶಿಕ್ಷೆಯೇ? ಕ್ಯಾಲಿಫೋರ್ನಿಯಾದ ಸೆನೆಟರ್ ಒಬ್ಬರಿಗೆ ಬಹಿರಂಗ ಪತ್ರ

ಮಾನ್ಯ ಸೆನೆಟರ್ ಅವರಿಗೆ ನಮಸ್ಕಾರಗಳು.

ನಾನು ಫ್ರೀಮಾಂಟ್‌ನಲ್ಲಿ ವಾಸವಾಗಿರುವ, ನಿಮ್ಮ ಕ್ಷೇತ್ರದ ಮತದಾರಳು. ಇದರ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ತಲುಪುತ್ತದೆ. ಇಲ್ಲಿ ಮತ ಹಾಕುವ ನಮ್ಮವರೂ ಓದಲೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಳೆಯ ಅಪರಾಧಗಳಿಗಾಗಿ ಹೊಸ ಅಪರಾಧದ ಶಿಕ್ಷೆಯನ್ನು ಹೆಚ್ಚಿಸುವ ನಮ್ಮ ರಾಜ್ಯದ 'ತ್ರೀ ಸ್ಟ್ರೈಕ್ಸ್' ಕಾನೂನನ್ನು ತಿದ್ದಿ ಎಂಬುದು ನನ್ನ ಕೋರಿಕೆ.

ಕೆಲವು ವರ್ಷಗಳ ಹಿಂದೆ, ದೀಪಾವಳಿಯ ವಾರದಲ್ಲಿ, ನಮ್ಮ ಮನೆಗೆ ಕಳ್ಳರು ನುಗ್ಗಿದರು. ಅಮ್ಮ ಕೊಟ್ಟಿದ್ದ ಎರಡೆಳೆ ಸರ ಹೋಯಿತು. ಕದ್ದವರು ಸಾಯುವವರೆಗೂ ಜೈಲಿನಲ್ಲಿರಲಿ ಎಂದು ನಾನೂ ಶಪಿಸಿದವಳೇ. ಕಳೆದುಕೊಂಡವರ ಸಂಕಟ ಗೊತ್ತಿಲ್ಲದೆ ಬರೆಯುತ್ತಿಲ್ಲ.

1994ರ 'ತ್ರೀ ಸ್ಟ್ರೈಕ್ಸ್' ಕಾನೂನಿಗೆ ವೇಗ ಕೊಟ್ಟದ್ದೂ ಸಂಕಟವೇ. ಅದರ ಹಿಂದಿನ ವರ್ಷ ನಮ್ಮ ರಾಜ್ಯದ ಪೆಟಲೂಮಾ ಊರಿನ ಮನೆಯಿಂದ 12 ವರ್ಷದ ಹುಡುಗಿಯೊಬ್ಬಳನ್ನು ಹೊತ್ತೊಯ್ದು ಕೊಂದಿದ್ದರು. ಗಂಭೀರ ಅಥವಾ ಹಿಂಸಾತ್ಮಕ ಅಪರಾಧ ಸಾಬೀತಾದರೆ ಅದು ಒಂದು 'ಸ್ಟ್ರೈಕ್'; ಅಂಥ ಎರಡಿದ್ದವರು ಮತ್ತೊಂದು ಫೆಲನಿ (ರಾಜ್ಯದ ಸೆರೆಮನೆಗೆ ಕಳಿಸಬಹುದಾದ ಅಪರಾಧ) ಮಾಡಿದರೆ ಜೀವಾವಧಿ ಎಂದಿತು ಆ ಕಾನೂನು. ಆದರೆ ಆ ಆಕ್ರೋಶದಲ್ಲಿ ಹೆಣೆದ ಬಲೆಗೆ ಬಿದ್ದವರನ್ನು ನೋಡಿ. ಹಳೆಯ ಅಪರಾಧಗಳಿದ್ದ ಒಬ್ಬನಿಗೆ ತಲಾ 399 ಡಾಲರಿನ ಮೂರು ಗಾಲ್ಫ್ ಕೋಲುಗಳನ್ನು ಕದ್ದದ್ದಕ್ಕೆ ಕನಿಷ್ಠ 25 ವರ್ಷಗಳ ಜೀವಾವಧಿ ಶಿಕ್ಷೆಯಾಯಿತು. ಇನ್ನೊಬ್ಬ ಸುಮಾರು 150 ಡಾಲರಿನ ವಿಡಿಯೊ ಟೇಪುಗಳನ್ನು ಕದ್ದಿದ್ದ. ಅವನಿಗೆ ಕನಿಷ್ಠ 50 ವರ್ಷ. 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎರಡನ್ನೂ 5–4ರ ಬಹುಮತದಿಂದ ಎತ್ತಿಹಿಡಿಯಿತು.

2012ರಲ್ಲಿ ಮತದಾರರೇ ಇದನ್ನು ಅರ್ಧ ತಿದ್ದಿದರು. ಹೆಚ್ಚಿನ ಪ್ರಕರಣಗಳಲ್ಲಿ ಮೂರನೆಯ ಅಪರಾಧವೂ ಗಂಭೀರವಾಗಿದ್ದರೆ ಮಾತ್ರ ಈಗ ಜೀವಾವಧಿ. ಉಳಿದರ್ಧ ಹಾಗೆಯೇ ಇದೆ. ಹಳೆಯ 'ಸ್ಟ್ರೈಕ್' ಒಂದೇ ಇದ್ದರೂ ಹೊಸ ಫೆಲನಿಯ ಶಿಕ್ಷೆ ದುಪ್ಪಟ್ಟಾಗುತ್ತದೆ, ಹೊಸದು ಗಂಭೀರವಲ್ಲದಿದ್ದರೂ ಸರಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಯಾರೂ ಇಲ್ಲದ ಮನೆಗೆ ಕನ್ನ ಹಾಕಿ ಸ್ಟ್ರೈಕ್ ಪಡೆದವನು ನಲವತ್ತೈದರಲ್ಲಿ ಕಾರು ಕದ್ದು ಸಿಕ್ಕಿಬಿದ್ದರೆ, ಮೂರು ವರ್ಷವಾಗಬೇಕಾದ ಶಿಕ್ಷೆ ಆರು ವರ್ಷವಾಗಬಹುದು. ನಡುವಿನ ಇಪ್ಪತ್ತಾರು ವರ್ಷ ಅವನು ದುಡಿದು ಮಕ್ಕಳನ್ನು ಸಾಕಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಹದಿನಾರರ ಹರೆಯದಲ್ಲಿ ಬಾಲ ನ್ಯಾಯಾಲಯ ಕೊಟ್ಟ ಕೆಲವು ತೀರ್ಪುಗಳು ಕೂಡ ಸ್ಟ್ರೈಕ್ ಆಗುತ್ತವೆ! ನನ್ನ ಮಗನಿಗೆ ಈಗ ಹದಿನಾರು.

ನ್ಯಾಯಾಧೀಶರು ಹಳೆಯ ಸ್ಟ್ರೈಕನ್ನು ಕೈಬಿಡಬಹುದು, 1996ರಿಂದ ಆ ಅವಕಾಶವಿದೆ ಎನ್ನುತ್ತೀರಿ. ಹೌದು. ಆದರೆ ಅದು ಯಾವ ಕೋರ್ಟು, ಯಾವ ನ್ಯಾಯಾಧೀಶರು ಎಂಬುದರ ಮೇಲೆ ನಿಂತಿದೆ. ಒಬ್ಬ ಮನುಷ್ಯನ ಆರು ವರ್ಷ ಹಾಗೆ ಅದೃಷ್ಟದ ಪಾಲಾಗಬಾರದು.

ರಾಜ್ಯದ ದಂಡಸಂಹಿತೆ ಪರಿಷ್ಕರಣಾ ಸಮಿತಿಯೇ 2021ರಲ್ಲಿ ಈ ಕಾನೂನನ್ನು ರದ್ದುಪಡಿಸಿ, ಇಲ್ಲವೇ ಮೊಟಕುಗೊಳಿಸಿ ಎಂದಿತು. ಇದರಿಂದ ಶಿಕ್ಷೆ ಹೆಚ್ಚಿಸಿಕೊಂಡು ಜೈಲಿನಲ್ಲಿದ್ದವರು ಆಗ 30 ಸಾವಿರಕ್ಕೂ ಹೆಚ್ಚು. 2024ರಲ್ಲಿ ಮತದಾರರು ಮತ್ತೆ ಮತ್ತೆ ಕದಿಯುವವರ ಶಿಕ್ಷೆಯನ್ನು ಕಠಿಣಗೊಳಿಸಿದ ಮೇಲೆ ನಿಮ್ಮಂಥವರು ಈ ವಿಷಯ ಎತ್ತಲು ಅಂಜುವುದು ನನಗೆ ಅರ್ಥವಾಗುತ್ತದೆ. ಅಂಗಡಿ ಲೂಟಿಯ ಸಿಟ್ಟು ನಿಜವಾದದ್ದೇ. ಆದರೆ ಇಂದು ಕದ್ದವನಿಗೆ ಇಂದಿನ ಕಳವಿನ ಶಿಕ್ಷೆ ಕೊಡಲು ಯಾರೂ ಅಡ್ಡ ಬಂದಿಲ್ಲ.

ತಿದ್ದುಪಡಿಗೆ ರಾಜ್ಯ ಶಾಸಕಾಂಗದ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ನಿಮ್ಮ ಸದನದಲ್ಲಿ 40ರಲ್ಲಿ 27. ಜೈಲಿನಿಂದ ಹೊರಬಂದು ಐದು ವರ್ಷ ನೆಟ್ಟಗೆ ಬಾಳಿದವರ ಹಳೆಯ ಸ್ಟ್ರೈಕನ್ನು ಅಳಿಸಿ. ಬಾಲ ನ್ಯಾಯಾಲಯದ ತೀರ್ಪುಗಳನ್ನು ಲೆಕ್ಕದಿಂದ ತೆಗೆಯಿರಿ. ಈ ಎರಡು ಅಂಶಗಳಿಗಾದರೂ ಮಸೂದೆ ತನ್ನಿ. ಆ 27ರಲ್ಲಿ ನಿಮ್ಮ ಮತವಿರುತ್ತದೆಯೇ ಎಂಬುದನ್ನು ಮುಂದಿನ ಚುನಾವಣೆಗೆ ಮುನ್ನ ನಮಗೆ ಬರಹದಲ್ಲಿ ತಿಳಿಸಿ.

ಇತಿ,
ಫ್ರೀಮಾಂಟ್‌ನ ಒಬ್ಬ ಕನ್ನಡತಿ