ಒಂದು ಅಕ್ಷರ, ಎರಡು ಬೀದಿ

ತೀರ್ಥರೂಪು ಅಪ್ಪನವರಿಗೆ, ಮಗಳ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಬ್ರಿಟನ್ನಿಗೆ ಸೇರಿದ ಈ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಮಳೆ ಬಿಟ್ಟಿಲ್ಲ. ಪಂಚಾಯ್ತಿ ಎಲೆಕ್ಷನ್ ಮುಗಿದು ಇಷ್ಟು ದಿನವಾದರೂ ನೀವೂ ದೊಡ್ಡಪ್ಪನೂ ಮಾತು ಬಿಟ್ಟಿದ್ದೀರಿ ಅಂತ ಅಮ್ಮ ಫೋನಿನಲ್ಲಿ ಅತ್ತಳು. ಅದಕ್ಕೇ ಈ ಕಾಗದ.

ಮೊನ್ನೆ ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬ ಅಜ್ಜನ ಹೆಸರು ಬರೆದುಕೊಳ್ಳುವಾಗ, ಇಂಗ್ಲಿಷಿನ H ಅಕ್ಷರಕ್ಕೆ ನಮ್ಮ ಮೇಷ್ಟ್ರು ಕಲಿಸಿದ ಹಾಗೆ ‘ಹೆಚ್’ ಅಂದೆ. ಅಜ್ಜ ತಟ್ಟನೆ ತಲೆಯೆತ್ತಿ, ‘ಕ್ಯಾಥೊಲಿಕ್ ಶಾಲೆಯಲ್ಲಿ ಓದಿದೆಯಾ?’ ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ಜೊತೆಯ ನರ್ಸ್ ಆಮೇಲೆ ಬಿಡಿಸಿ ಹೇಳಿದಳು. ಐರ್ಲೆಂಡ್ ಒಂದಾಗಲಿ ಅನ್ನುವ ಕ್ಯಾಥೊಲಿಕ್ಕರು ಸಾಮಾನ್ಯವಾಗಿ ‘ಹೆಚ್’ ಅನ್ನುತ್ತಾರಂತೆ, ಬ್ರಿಟನ್ ಜೊತೆಗೇ ಇರೋಣ ಅನ್ನುವ ಪ್ರಾಟೆಸ್ಟೆಂಟರು ‘ಎಚ್’. ಒಂದಕ್ಷರ ಸಾಕು, ಯಾವ ಬೀದಿಯವರು ಅಂತ ಗೊತ್ತಾಗಲು.

ಅಪ್ಪಾ, ಇವರ ಮೈಬಣ್ಣ ಒಂದೇ, ಕುಡಿಯುವ ಟೀ ಒಂದೇ. ಬೀದಿ ಮಾತ್ರ ಬೇರೆ. ಕ್ಯಾಥೊಲಿಕ್ಕರ ಫಾಲ್ಸ್ ರಸ್ತೆಗೂ ಪ್ರಾಟೆಸ್ಟೆಂಟರ ಶಾಂಕಿಲ್ ರಸ್ತೆಗೂ ನಡುವೆ 1969ರಲ್ಲಿ ಸ್ವಲ್ಪ ದಿನಕ್ಕೆಂದು ಹಾಕಿದ ಬೇಲಿ ಈಗ ಮನೆಯ ಸೂರಿಗಿಂತ ಎತ್ತರದ ಗೋಡೆ. ರಾತ್ರಿ ಗೇಟು ಹಾಕುತ್ತಾರೆ. ಕೆಲವು ಬೀದಿಗಳಲ್ಲಿ ರಸ್ತೆಯಂಚಿನ ಕಲ್ಲಿಗೂ ಬಾವುಟದ ಬಣ್ಣ. ಈ ಜಗಳದಲ್ಲಿ ಮೂವತ್ತು ವರ್ಷದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತು, 1998ರಲ್ಲಿ ಶಾಂತಿ ಒಪ್ಪಂದವಾಯಿತು. ಗೋಡೆ ಉಳಿಯಿತು. ಎರಡೂ ಕಡೆಯ ಮಕ್ಕಳನ್ನು ಬೇಕೆಂದೇ ಕೂಡಿಸಿ ಕಲಿಸುವ ಶಾಲೆಗೆ ಹೋಗುವವರು ಇಂದಿಗೂ ನೂರಕ್ಕೆ ಏಳೆಂಟು. ಅಂಥ ಮೊದಲ ಶಾಲೆ ಲಗನ್ ಕಾಲೇಜನ್ನು 1981ರಲ್ಲಿ, ಗುಂಡು ಹಾರುತ್ತಿದ್ದ ಕಾಲದಲ್ಲೇ, ಹೆತ್ತವರೇ ಸೇರಿ 28 ಮಕ್ಕಳಿಂದ ಶುರುಮಾಡಿದರು. ಅವರ ಎದೆಗಾರಿಕೆ ನೆನೆದರೆ ಮೈ ಜುಮ್ಮೆನ್ನುತ್ತದೆ.

ಆ ಅಜ್ಜನ ಪಕ್ಕದ ಹಾಸಿಗೆಯಲ್ಲಿದ್ದವರು ಗೋಡೆಯ ಆಚೆಯವರು. ಮೂರನೇ ದಿನಕ್ಕೆ ಮಂಚದ ಕೆಳಗೆ ಬಿದ್ದ ಅವರ ಕನ್ನಡಕಕ್ಕಾಗಿ ಈ ಅಜ್ಜನೇ ಬೆಲ್ ಒತ್ತಿ ನನ್ನನ್ನು ಕರೆದರು.

ನಮ್ಮೂರಲ್ಲಿ ಈಗ ನಿಮ್ಮ ಕಡೆಯವರಿಗೊಂದು ಟೀ ಅಂಗಡಿ, ದೊಡ್ಡಪ್ಪನ ಕಡೆಯವರಿಗೊಂದು ಅಂತೆ. ನನಗೆ ಭಯ ಆಗುವುದು ಅದಕ್ಕೇ. ಮೊದಲೂ ನೀವಿಬ್ಬರು ಓಟಿನ ವಿಷಯಕ್ಕೆ ಗಂಟಲು ಹರಿಯುವ ಹಾಗೆ ವಾದ ಮಾಡುತ್ತಿದ್ದಿರಿ. ಆದರೆ ಒಂದೇ ಬೆಂಚಿನ ಮೇಲೆ ಕೂತಿರುತ್ತಿದ್ದಿರಿ, ಅವರ ಮಂಡಿನೋವು ನಿಮಗೆ ಗೊತ್ತಿರುತ್ತಿತ್ತು. ಈಗ ಅವರ ಸುದ್ದಿ ನಿಮಗೆ ಮುಟ್ಟುವುದು ಅವರನ್ನು ಕಂಡರಾಗದವರ ಬಾಯಿಂದ. ನಿಮ್ಮದು ಅವರಿಗೂ ಹಾಗೇ.

ಓಟು ನಿಮಗಿಷ್ಟ ಬಂದವರಿಗೇ ಹಾಕಿ. ಈ ಕಾಗದ ಕೈಸೇರಿದ ಮರುದಿನ ಮಾತ್ರ, ಡೈರಿಗೆ ಹಾಲು ಹಾಕಿ ಬರುವಾಗ, ಅವರ ಅಂಗಡಿಯಲ್ಲಿ ಕೂತು ಒಂದು ಲೋಟ ಟೀ ಕುಡಿದು ಬನ್ನಿ. ಮಂಡಿನೋವು ಹೇಗಿದೆ ಅಂತ ನಾನು ಕೇಳಿದೆ ಎಂದು ದೊಡ್ಡಪ್ಪನಿಗೆ ಹೇಳಿ.

ನಿಮ್ಮ ಮಗಳು