ಲಾರಿ ಸೈಲೆನ್ಸರಿನ ಒಳಗಿನ ಮಣ್ಣು: ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಸಾರಿಗೆ ಸಚಿವರಿಗೆ,

ನಮಸ್ಕಾರಗಳು.

ನಮ್ಮ ಮನೆಯ ಜಗಲಿಯಲ್ಲಿ ಅಡಿಕೆ ಚೀಲಗಳ ಪಕ್ಕ, ಗೋಣಿ ಹೊದ್ದುಕೊಂಡು ಒಂದು ಉಕ್ಕಿನ ಡಬ್ಬ ಎಂಟು ತಿಂಗಳಿಂದ ಕುಳಿತಿದೆ. ತೂಕ 78 ಕೆಜಿ. ನನ್ನ ಹತ್ತು ಚಕ್ರದ ಲಾರಿಯ ಹೊಗೆಯನ್ನು ತೊಳೆಯುತ್ತಿದ್ದ ಡಬ್ಬ ಅದು. ಕಾರಿನವರು ಕ್ಯಾಟಲಿಟಿಕ್ ಕನ್ವರ್ಟರ್ ಎನ್ನುತ್ತಾರೆ, ಗ್ಯಾರೇಜಿನ ಹುಡುಗರು ಕ್ಯಾಟ್‌ಕಾನ್ ಎನ್ನುತ್ತಾರೆ, ನಮ್ಮ ಚಾಲಕನಿಗೆ ಅದು ಇಂದಿಗೂ ಸೈಲೆನ್ಸರೇ. ಅದರ ಬೆಲೆ ಎಷ್ಟು ಎಂದು ತಿಳಿಯಲು ನಾನು ಪಟ್ಟ ಪಾಡನ್ನು ತಮಗೆ ಹೇಳಬೇಕು. ಇದು ನನ್ನೊಬ್ಬನ ಗುಜರಿ ವ್ಯಾಪಾರದ ಮಾತಾಗಿದ್ದರೆ ಪತ್ರಕ್ಕೆ ಕೂರುತ್ತಿರಲಿಲ್ಲ.

ಲಾರಿ 2021ರ ಮಾದರಿ, ಬಿಎಸ್-6, ಅಂದರೆ ವಾಹನದ ಹೊಗೆಗೆ ಸರ್ಕಾರ ಹಾಕಿದ ಮಿತಿಗಳಲ್ಲಿ ಆರನೆಯ ಹಂತದ್ದು. ಮೆಕ್ಕೆಜೋಳ, ಅಡಿಕೆ, ವಾಪಸಾಗುವಾಗ ಸಿಮೆಂಟ್. ಹೋದ ವರ್ಷ ಹಿರಿಯೂರು ದಾಟುವಷ್ಟರಲ್ಲಿ ಹಳದಿ ದೀಪ ಹತ್ತುವುದು ಶುರುವಾಯಿತು. ಒಳಗಿನ ಜರಡಿಯಲ್ಲಿ ಮಸಿ ಕಟ್ಟಿದೆ, ಸುಡಬೇಕು ಎಂಬ ಸೂಚನೆ. ರಸ್ತೆ ಬದಿಗೆ ನಿಲ್ಲಿಸಿ, ಗುಂಡಿ ಒತ್ತಿ, ಎಂಜಿನ್ ತಾನೇ ಅಬ್ಬರಿಸುವಾಗ ಮುಕ್ಕಾಲು ಗಂಟೆ ಕಾಯಬೇಕು. ಡಬ್ಬದೊಳಗೆ 600 ಡಿಗ್ರಿ ಆಸುಪಾಸಿನ ಕಾವು. ಕೆಳಗೆ ಒಣಹುಲ್ಲಿದ್ದರೆ ಬೆಂಕಿ ಹತ್ತೀತು ಎಂದು ಕ್ಲೀನರ್ ನೀರಿನ ಕ್ಯಾನ್ ಹಿಡಿದು ಲಾರಿಯ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ. ತಿಂಗಳಿಗೊಮ್ಮೆ ಹತ್ತುತ್ತಿದ್ದ ದೀಪ ದಿನಕ್ಕೊಮ್ಮೆ ಹತ್ತತೊಡಗಿತು. ಮಸಿ ಸುಟ್ಟುಹೋಗುತ್ತದೆ, ಆಯಿಲ್‌ನಿಂದ ಬರುವ ಬೂದಿ ಸುಡುವುದಿಲ್ಲ, ಅದು ತುಂಬಿಕೊಂಡಿತ್ತು. ಇಡೀ ಡಬ್ಬವನ್ನೇ ಬದಲಿಸಬೇಕೆಂದರು. ಬಿಲ್ಲು ಎರಡು ಲಕ್ಷ ದಾಟಿತು.

ಹಣ ಕಟ್ಟಿದ ಮೇಲೆ ವರ್ಕ್‌ಶಾಪಿನ ಹುಡುಗ ಬಹಳ ವಿನಯದಿಂದ, 'ಹಳೆಯದು ಇಲ್ಲೇ ಇರಲಿ ಸರ್, ವಿಲೇವಾರಿ ನಾವೇ ಮಾಡುತ್ತೇವೆ' ಎಂದ. ಸವೆದ ಟಯರನ್ನು ಮರೆಯದೆ ಲಾರಿಗೆ ಎತ್ತಿ ಹಾಕುವ ಹುಡುಗ ಅವನು. ಆ ವಿನಯವೇ ನನಗೆ ಅನುಮಾನ ಹುಟ್ಟಿಸಿತು. ಅರ್ಧ ಗಂಟೆ ವಾದ ಮಾಡಿ ಡಬ್ಬವನ್ನು ಹೊರಿಸಿಕೊಂಡು ಬಂದೆ.

ಮೊದಲ ಗುಜರಿಯಲ್ಲಿ ಅದನ್ನು ತಕ್ಕಡಿಗೆ ಏರಿಸಿ, ಕಬ್ಬಿಣದ ದರ ಕೆಜಿಗೆ 32 ರೂಪಾಯಿಯಂತೆ 2,496 ರೂಪಾಯಿ ಎಣಿಸಿದರು. ಎರಡನೆಯವನು ತಕ್ಕಡಿಯ ಕಡೆ ನೋಡಲೇ ಇಲ್ಲ. ಬಗ್ಗಿ ಮೊಬೈಲ್ ಬೆಳಕನ್ನು ಕೊಳವೆಯೊಳಗೆ ಬಿಟ್ಟು, ಬೆರಳ ಗೆಣ್ಣಿನಿಂದ ಡಬ್ಬವನ್ನು ತಟ್ಟಿ, ಕಲ್ಲಂಗಡಿ ಕೊಳ್ಳುವವನ ಹಾಗೆ ಸದ್ದು ಕೇಳಿ, 'ಒಳಗೆ ಮಣ್ಣು ಪೂರ್ತಿ ಇದೆಯಾ?' ಎಂದ. ಇದೆ ಎಂದೆ. 'ಹನ್ನೊಂದು ಸಾವಿರ, ಈಗಲೇ ನಗದು.' ಮೂರನೆಯವನು ಫೋನಿನಲ್ಲೇ ಫೋಟೊ ತರಿಸಿಕೊಂಡು 24,000 ಹೇಳಿದ. ಒಂದೇ ಡಬ್ಬ, ಒಂದೇ ವಾರ, ಮೂರು ಬೆಲೆ. ಡಬ್ಬ ಎಲ್ಲಿಂದ ಬಂತು, ಲಾರಿ ಯಾರದು, ಆರ್‌ಸಿ ಎಲ್ಲಿ ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ.

ಅವರು ಮಣ್ಣು ಎನ್ನುವುದು ಏನೆಂದು ಆಮೇಲೆ ಕೇಳಿ, ಓದಿ ತಿಳಿದುಕೊಂಡೆ. ಬಿಎಸ್-6 ಲಾರಿಯ ಡಬ್ಬದೊಳಗೆ ಸಾಲಾಗಿ ನಾಲ್ಕು ಭಾಗಗಳಿರುತ್ತವೆ. ಎಂಜಿನ್ನಿಗೆ ಹತ್ತಿರದ್ದು ಜೇನುಗೂಡಿನಂಥ ಪಿಂಗಾಣಿ ಇಟ್ಟಿಗೆ. ಅದರ ಕಣ್ಣುಕಣ್ಣಿಗೂ ಪ್ಲಾಟಿನಂ, ಪಲ್ಲಾಡಿಯಂ ಎಂಬ ದುಬಾರಿ ಲೋಹಗಳನ್ನು ಲೇಪಿಸಿರುತ್ತಾರೆ. ಎರಡನೆಯದು ಮಸಿ ಹಿಡಿಯುವ ಜರಡಿ, ಅದರ ಮೇಲೂ ಸಾಮಾನ್ಯವಾಗಿ ತೆಳು ಲೇಪ ಇರುತ್ತದೆ. ಮೂರನೆಯದು ಯೂರಿಯಾ ನೀರಿನ ಸಹಾಯದಿಂದ ನೈಟ್ರೋಜನ್ ಆಕ್ಸೈಡುಗಳನ್ನು ಮುರಿಯುವ ಭಾಗ. ಗಾತ್ರದಲ್ಲಿ ಇದೇ ದೊಡ್ಡಣ್ಣ, ಆದರೆ ಇದರಲ್ಲಿ ಪ್ಲಾಟಿನಂ ಇಲ್ಲ. ತಾಮ್ರ ಅಥವಾ ಕಬ್ಬಿಣ ಸೇರಿದ ಜಿಯೊಲೈಟ್ ಎಂಬ ಖನಿಜ, ಇಲ್ಲವೇ ಅಗ್ಗದ ಲೋಹವಾದ ವನೇಡಿಯಂ. ಬಾಲದಲ್ಲಿ ಉಳಿಕೆ ಅಮೋನಿಯಾವನ್ನು ಹಿಡಿಯುವ ಚಿಕ್ಕ ತುಂಡಿನಲ್ಲಿ ಮತ್ತೆ ಚೂರು ಪ್ಲಾಟಿನಂ. ಎಲ್ಲ ಸೇರಿದರೂ ಕೆಲವೇ ಗ್ರಾಂ. ಆದರೆ ಆ ಕೆಲವು ಗ್ರಾಂಗಳೇ ಬೆಲೆ, ಉಳಿದದ್ದೆಲ್ಲ ಬರೀ ಭಾರ.

ಇಲ್ಲಿ ಲಾರಿಯವರು ಬೀಳುವ ಇನ್ನೊಂದು ಹಳ್ಳವಿದೆ. ಮೊಬೈಲಿನಲ್ಲಿ ಪ್ಲಾಟಿನಂ ಗುಂಪಿನದೇ ಇನ್ನೊಂದು ಲೋಹ ರೋಡಿಯಂನ ಬೆಲೆ ನೋಡಿ ಕನಸು ಕಾಣುತ್ತಾರೆ. 2021ರ ಮಾರ್ಚಿನಲ್ಲಿ ರೋಡಿಯಂ ಔನ್ಸಿಗೆ 29,000 ಡಾಲರಿನ ಹತ್ತಿರ ಹೋಗಿತ್ತು, ಆಗಿನ ಚಿನ್ನದ ಬೆಲೆಯ ಹತ್ತು ಪಟ್ಟಿಗೂ ಮೀರಿ. ನಿಜ. ಆದರೆ ರೋಡಿಯಂ ಇರುವುದು ಪೆಟ್ರೋಲ್ ಗಾಡಿಯ ಕನ್ವರ್ಟರಿನಲ್ಲಿ. ಡೀಸೆಲ್ ಹೊಗೆಯಲ್ಲಿ ಆಮ್ಲಜನಕ ಹೆಚ್ಚು, ಅಲ್ಲಿ ರೋಡಿಯಂನಿಂದ ನೈಟ್ರೋಜನ್ ಆಕ್ಸೈಡು ಮುರಿಯುವ ವಿಧಾನ ನಡೆಯುವುದಿಲ್ಲ. ಇನ್ನು 2017–18ರ ಬಿಎಸ್-4 ಲಾರಿಗಳಲ್ಲಿ ಎಷ್ಟೋ ಕಡೆ ಇರುವುದು ವನೇಡಿಯಂನ ಯೂರಿಯಾ ಡಬ್ಬ ಮಾತ್ರ. ನೋಡಲು ಡ್ರಮ್ಮಿನಷ್ಟಿದ್ದರೂ ಅದರ ಮಣ್ಣು ಮಣ್ಣೇ. ಅದಕ್ಕೆ ಐವತ್ತು ಸಾವಿರ ಕೇಳಿ ನಗೆಪಾಟಲಾದವರು ನನಗೆ ಗೊತ್ತು. ಜರಡಿ ಸಿಲಿಕಾನ್ ಕಾರ್ಬೈಡ್ ಎಂಬ ಗಡಸು ವಸ್ತುವಿನದಾದರೆ ಸಂಸ್ಕರಣಾ ಕುಲುಮೆಯಲ್ಲಿ ಸುಲಭಕ್ಕೆ ಕರಗದು, ಆದ್ದರಿಂದ ಖರೀದಿದಾರರು ಅದಕ್ಕೆ ಬೆಲೆ ಇಳಿಸುತ್ತಾರೆ. ಅಂದರೆ ಇದು ಬರೀ ಗುಜರಿಯವನ ಮೋಸದ ಕಥೆಯಲ್ಲ. ಮಾರುವವನಿಗೂ ಗೊತ್ತಿಲ್ಲ, ಕೊಳ್ಳುವವನಿಗೂ ಅರ್ಧಂಬರ್ಧ ಗೊತ್ತು. ಪುಡಿ ಮಾಡಿ, ಮಾದರಿ ತೆಗೆದು, ಯಂತ್ರಕ್ಕೆ ಕೊಟ್ಟು ಲೋಹ ಅಳೆಯುವವನೊಬ್ಬನಿಗೆ ಮಾತ್ರ ಪೂರ್ತಿ ಗೊತ್ತು. ಅವನು ನಾಲ್ಕು ಕೈ ಆಚೆ, ಬಹಳ ಸಲ ಬೇರೆ ರಾಜ್ಯದಲ್ಲಿ ಕುಳಿತಿರುತ್ತಾನೆ.

ನಾನು ಚನ್ನಗಿರಿ ತಾಲ್ಲೂಕಿನವನು. ನಮ್ಮ ತಾಲ್ಲೂಕಿನ ಹನುಮಲಾಪುರದ ಬಂಡೆಗಳಲ್ಲಿ ಪ್ಲಾಟಿನಂ ಗುಂಪಿನ ಲೋಹಗಳಿವೆ ಎಂದು ಭೂವಿಜ್ಞಾನಿಗಳು ಗುರುತಿಸಿ ವರ್ಷಗಳಾದವು. ಊರಿನಲ್ಲಿ ಒಂದು ಕಾಲಕ್ಕೆ ಅದೇ ಮಾತು. ಚಿನ್ನದ ಕೋಲಾರದ ಹಾಗೆ ನಾವೂ ಆಗುತ್ತೇವೆಂದು ಜಗಲಿಕಟ್ಟೆಯಲ್ಲಿ ಲೆಕ್ಕ ಹಾಕಿದವರುಂಟು. ಆದರೆ ಲೆಕ್ಕವೇ ಬೇರೆ ಇದೆ. ಜಗತ್ತಿನ ಪ್ಲಾಟಿನಂನ ಮುಕ್ಕಾಲು ಪಾಲಿನಷ್ಟನ್ನು ಕೊಡುವ ದಕ್ಷಿಣ ಆಫ್ರಿಕಾದ ಗಣಿಗಳಲ್ಲೂ ಒಂದು ಟನ್ ಅದಿರಿಗೆ ಸಿಗುವುದು ಬೆರಳೆಣಿಕೆಯ ಗ್ರಾಂ. ವಾಹನದ ಜೇನುಗೂಡು ಇಟ್ಟಿಗೆಗಳನ್ನು ಒಂದು ಟನ್ ಕೂಡಿಹಾಕಿದರೆ ಒಂದು ಕೆಜಿಯಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹನುಮಲಾಪುರದ ಗುಡ್ಡ ಅಗೆಯುವುದಕ್ಕಿಂತ ದಾವಣಗೆರೆಯ ಗ್ಯಾರೇಜುಗಳ ಹಿತ್ತಿಲು ಗುಡಿಸುವುದು ಲಾಭದ ಕೆಲಸ. ತಮಾಷೆಗೆ ಹೇಳುತ್ತಿಲ್ಲ. ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಈ ಲೋಹಗಳಿವೆ. 2025ರ ಸೆಪ್ಟೆಂಬರಿನಲ್ಲಿ ಮರುಬಳಕೆಗೆಂದು ಮಂಜೂರಾದ 1,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಯಲ್ಲಿ ಹಳೆಯ ವಾಹನಗಳ ಕ್ಯಾಟಲಿಟಿಕ್ ಕನ್ವರ್ಟರಿನ ಹೆಸರನ್ನೇ ಬರೆದಿದ್ದಾರೆ. ದೆಹಲಿಗೆ ಇದು ಖನಿಜ. ನಮ್ಮ ಗುಜರಿ ತಕ್ಕಡಿಗೆ ಇದಿನ್ನೂ ಕಬ್ಬಿಣ.

ಕಾನೂನಿನ ತಕ್ಕಡಿಗೂ ಅಷ್ಟೇ ಎಂಬುದು ನನ್ನ ದೂರು. 2021ರಲ್ಲಿ ವಾಹನ ಗುಜರಿ ನೀತಿ ಬಂದಾಗ, ನೋಂದಾಯಿತ ಕೇಂದ್ರಕ್ಕೆ ಗಾಡಿ ಕೊಟ್ಟರೆ ಹೊಸ ಗಾಡಿಯ ಷೋರೂಂ ಬೆಲೆಯ ಸುಮಾರು ನೂರಕ್ಕೆ 4ರಿಂದ 6ರಷ್ಟು ಗುಜರಿ ಮೌಲ್ಯ ಸಿಗುತ್ತದೆಂದರು. ಡಬ್ಬ ಇರುವ ಗಾಡಿಗೂ, ಡಬ್ಬ ಕಿತ್ತು ಖಾಲಿ ಕೊಳವೆ ಬೆಸೆದ ಗಾಡಿಗೂ ಅದೇ ಅಂದಾಜು. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಜೀವಿತಾವಧಿ ಮುಗಿದ ವಾಹನಗಳ ನಿಯಮಗಳು ತಯಾರಕರ ಮರುಬಳಕೆಯ ಹೊಣೆಯನ್ನು ಅಳೆಯುವುದು ಉಕ್ಕಿನ ಲೆಕ್ಕದಲ್ಲಿ. ಉಕ್ಕು ಸರಿ. ಆದರೆ ಲೆಕ್ಕ ಕೇಳದ ವಸ್ತು ಲೆಕ್ಕಕ್ಕೆ ಸಿಗದ ದಾರಿಯಲ್ಲೇ ಹೋಗುತ್ತದೆ.

ಆ ದಾರಿ ಎಂಥದೆಂದು ಎರಡನೆಯ ಗುಜರಿಯಲ್ಲಿ ನೋಡಿದೆ. ಹದಿನೆಂಟು ದಾಟಿದ್ದಾನೋ ಇಲ್ಲವೋ ಎಂಬಂತಿದ್ದ ಹುಡುಗನೊಬ್ಬ ಉಳಿ ಸುತ್ತಿಗೆ ಹಿಡಿದು ಯಾವುದೋ ಡಬ್ಬದ ಹೊಟ್ಟೆ ಸೀಳುತ್ತಿದ್ದ. ಇಟ್ಟಿಗೆ ಅಲುಗಾಡದಿರಲೆಂದು ಸುತ್ತಿದ ಬಿಳಿ ನಾರಿನ ಪದರ ಹತ್ತಿಯಂತೆ ಹಾರುತ್ತಿತ್ತು. ಅವನ ರೆಪ್ಪೆಗಳ ಮೇಲೆಲ್ಲ ಬೂದು ಪುಡಿ. ಮೂಗಿಗೆ ಕರವಸ್ತ್ರವೂ ಇಲ್ಲ. ಆ ನಾರು ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವ ಜಾತಿಯದಲ್ಲ, ವನೇಡಿಯಂ ಆಕ್ಸೈಡ್ ವಿಷ. ಪುಡಿಯನ್ನು ಅವನು ಬರಿಗೈಯಲ್ಲಿ ಬಾಚಿ ಸಿಮೆಂಟ್ ಚೀಲಕ್ಕೆ ತುಂಬಿದ. ಚೀಲದ ಮೇಲೆ ಯಾವ ಗುರುತೂ ಇರಲಿಲ್ಲ.

ಕಳ್ಳತನದ ಮಾತು ಬೇರೆ ಹೇಳಬೇಕಿಲ್ಲ. ಗುಜರಾತ್, ಮಹಾರಾಷ್ಟ್ರಗಳಲ್ಲಿ ಮಾರುತಿ ಈಕೊ ವ್ಯಾನುಗಳ ಸೈಲೆನ್ಸರ್ ಕದ್ದು ಮಣ್ಣು ತೆಗೆಯುತ್ತಿದ್ದ ಗುಂಪುಗಳನ್ನು ಪೊಲೀಸರು ಹಿಡಿದ ಸುದ್ದಿ ಎಲ್ಲರೂ ಓದಿದ್ದೇವೆ. ಲಾರಿಯ ಡಬ್ಬ ಭಾರ, ರಾತ್ರೋರಾತ್ರಿ ಬಿಚ್ಚುವುದು ಕಷ್ಟ. ನಮ್ಮಲ್ಲಿ ಬಿಚ್ಚುವವರು ಬೇರೆ: ಮಾಲೀಕರೇ. ಯೂರಿಯಾ ನೀರಿನ ಖರ್ಚು ಉಳಿಯುತ್ತದೆ, ದೀಪ ಹತ್ತುವ ಕಾಟ ತಪ್ಪುತ್ತದೆ, ಕೈಗೆ ಒಂದಿಷ್ಟು ನಗದು ಬರುತ್ತದೆ. ಸುಳ್ಳು ಸಂಕೇತ ಕೊಡುವ ಪುಟ್ಟ ಸಾಧನ ಕೂರಿಸಿ ಕಂಪ್ಯೂಟರನ್ನೂ ನಂಬಿಸುತ್ತಾರೆ. ಮಾಲಿನ್ಯ ತಪಾಸಣೆಯಲ್ಲಿ ಸಿಕ್ಕಿಬೀಳುವುದಿಲ್ಲವೇ ಎಂದರೆ, ಡೀಸೆಲ್ ಗಾಡಿಗೆ ಅಲ್ಲಿ ನೋಡುವುದು ಹೊಗೆಯ ಕಪ್ಪು ಮಾತ್ರ. ನೈಟ್ರೋಜನ್ ಆಕ್ಸೈಡು ಹೊಗೆಯನ್ನು ಕಪ್ಪಾಗಿಸುವುದಿಲ್ಲ, ಹಾಗಾಗಿ ತಪಾಸಣೆಯ ಕಣ್ಣಿಗೆ ಅದು ಇಲ್ಲವೇ ಇಲ್ಲ.

ಸ್ವಾಮಿ, ಇದನ್ನೆಲ್ಲ ಈಗಲೇ ಏಕೆ ಬರೆಯುತ್ತಿದ್ದೇನೆಂದರೆ, ಈಗ ಗುಜರಿಗೆ ಬರುತ್ತಿರುವ ಹದಿನೈದು ವರ್ಷದ ಲಾರಿಗಳು ಬಿಎಸ್-3 ಕಾಲದವು. ಅವುಗಳಲ್ಲಿ ಬಹುಪಾಲಿಗೆ ಇಂಥ ಡಬ್ಬವೇ ಇರಲಿಲ್ಲ. ದೇಶವಿಡೀ ಬಿಎಸ್-4 ಆದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್-6 ಆದದ್ದು 2020ರ ಏಪ್ರಿಲ್‌ನಲ್ಲಿ. ಹದಿನೈದು ಕೂಡಿಸಿ ನೋಡಿ: 2032ರಿಂದ ಹನಿ, 2035ರಿಂದ ಹೊಳೆ. ಅಪಘಾತದಲ್ಲಿ ನಜ್ಜುಗುಜ್ಜಾದವು, ನನ್ನದರಂತೆ ಬೂದಿ ಕಟ್ಟಿ ಬದಲಾದವು ಈಗಾಗಲೇ ಬರುತ್ತಿವೆ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮ ಇಲಾಖೆಗಳಿಗೆ ಹೊಸದಲ್ಲ. ಈ ಸಲ ಕೋಟೆ ಸೂರೆಯಾಗಲು ಇನ್ನೂ ಕೆಲವು ವರ್ಷ ಬಾಕಿ ಇದೆ.

ತಾವು ದೆಹಲಿಯನ್ನು ಕೇಳದೆ ಮಾಡಬಹುದಾದ ಕೆಲಸ ತಮ್ಮ ಮನೆಯಲ್ಲೇ ಇದೆ. ಕೆಎಸ್‌ಆರ್‌ಟಿಸಿ, ಬಿಎಂಟಿಸಿ, ವಾಯವ್ಯ ಮತ್ತು ಕಲ್ಯಾಣ ಕರ್ನಾಟಕ, ನಾಲ್ಕೂ ನಿಗಮಗಳಲ್ಲಿ ಬಿಎಸ್-6 ಡೀಸೆಲ್ ಬಸ್ಸುಗಳು ಓಡುತ್ತಿವೆ. ಡಿಪೋಗಳಲ್ಲಿ ಬದಲಿಸಿದ ಹಳೆಯ ಡಬ್ಬಗಳನ್ನು ಯಾವ ಹೆಸರಿನಲ್ಲಿ, ಯಾವ ಅಳತೆಯ ಲೆಕ್ಕದಲ್ಲಿ ಹರಾಜು ಹಾಕುತ್ತಾರೆ? ಕಬ್ಬಿಣದ ಗುಡ್ಡೆಯಲ್ಲೋ, ಬೇರೆಯಾಗಿಯೋ? ಬೇರೆಯಾಗಿ ಇಟ್ಟು, ಸಂಖ್ಯೆ ಬರೆದು, ಪರೀಕ್ಷೆಯಲ್ಲಿ ಕಂಡ ಲೋಹದ ತೂಕಕ್ಕೆ ಹಣ ಎಂಬ ಷರತ್ತಿನಲ್ಲಿ ಒಮ್ಮೆ ಹರಾಜು ಕರೆದು, ಬಂದ ದರವನ್ನು ಪ್ರಕಟಿಸಿ. ರಾಜ್ಯದ ಪ್ರತಿ ಲಾರಿ ಮಾಲೀಕನಿಗೂ ಅದೇ ಮಾರುಕಟ್ಟೆ ದರದ ಪಟ್ಟಿಯಾಗುತ್ತದೆ. ಅಡಿಕೆಗೆ ದಿನದ ಧಾರಣೆ ಪತ್ರಿಕೆಯಲ್ಲಿ ಬರುವುದರಿಂದಲೇ ಚನ್ನಗಿರಿಯ ರೈತ ದಲ್ಲಾಳಿಯ ಎದುರು ತಲೆಯೆತ್ತಿ ಮಾತಾಡುತ್ತಾನೆ.

ಎರಡನೆಯದು ರಸೀದಿ. ಪ್ರತಿ ಡಬ್ಬದ ಮೇಲೂ ತಯಾರಕರು ಸಂಖ್ಯೆ ಕೊರೆದಿರುತ್ತಾರೆ. ರಾಜ್ಯದ ನೋಂದಾಯಿತ ಗುಜರಿ ಕೇಂದ್ರಗಳು ಗಾಡಿ ಪಡೆಯುವಾಗ ಆ ಸಂಖ್ಯೆಯನ್ನೂ, ಒಳಗಿನ ಇಟ್ಟಿಗೆ ಇದೆಯೋ ಇಲ್ಲವೋ ಎಂಬುದನ್ನೂ ಬರೆದುಕೊಡಲಿ. ಡಬ್ಬ ಇದ್ದ ಗಾಡಿಗೆ ಬೇರೆ ಮೊತ್ತ, ಇಲ್ಲದ್ದಕ್ಕೆ ಬೇರೆ. ಗಾಡಿ ಓಡಲು ಯೋಗ್ಯ ಎಂಬ ಎಫ್‌ಸಿ ಪತ್ರಕ್ಕೆ ಬಂದಾಗ ಆರ್‌ಟಿಒ ಕಚೇರಿಯವರು ಅದೇ ಸಂಖ್ಯೆಯನ್ನು ಬಗ್ಗಿ ಓದಲಿ. ಕೊನೆಯ ದಿನ ಇಷ್ಟು ಹಣ ಖಚಿತ ಎಂದಾದರೆ ನನ್ನಂಥವನು ಮಧ್ಯದಲ್ಲಿ ಅದನ್ನು ಕಿತ್ತು ಮಾರುವುದಿಲ್ಲ. ದಂಡಕ್ಕೆ ಹೆದರದವರು ಲೆಕ್ಕಕ್ಕೆ ಬಗ್ಗುತ್ತಾರೆ, ನಾವು ವ್ಯಾಪಾರದ ಜನ. ಬಿಡಿ ಡಬ್ಬ ಕೊಳ್ಳುವ ಗುಜರಿಯವರಿಗೆ ನಗದು ವ್ಯವಹಾರ ಬೇಡ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2013ರ ಕಾನೂನಿನ ಪ್ರಕಾರ ಗುಜರಿ ಲೋಹಕ್ಕೆ ನಗದು ಕೊಡುವಂತಿಲ್ಲ. ಕ್ಯಾಲಿಫೋರ್ನಿಯಾ 2022ರಲ್ಲಿ, ಕನ್ವರ್ಟರ್ ಯಾರಿಂದ ಕೊಳ್ಳಬಹುದು ಎಂಬುದಕ್ಕೇ ಕಾನೂನು ತಂದಿತು. ಅವರು ಕಳ್ಳತನ ಕೈಮೀರಿದ ಮೇಲೆ ಎಚ್ಚೆತ್ತವರು.

ವರ್ಕ್‌ಶಾಪುಗಳಿಗೂ ಒಂದು ಸುತ್ತೋಲೆ ಹೋಗಲಿ. ಬದಲಿಸಿದ ಡಬ್ಬ ಹಣ ಕೊಟ್ಟವನದು. ಬಿಟ್ಟುಹೋಗುವುದಾದರೆ ಬಿಲ್ಲಿನಲ್ಲಿ ಅದರ ಬೆಲೆ ಕಳೆದು ತೋರಿಸಬೇಕು. ಇಷ್ಟು ಬರೆಯಲು ಅರ್ಧ ಪುಟ ಸಾಕು.

ನನ್ನ ಡಬ್ಬದ ಬಗ್ಗೆ ಮನೆಯಲ್ಲಿ ಗೊಣಗಾಟ ಶುರುವಾಗಿದೆ, ಕೊಯ್ಲಿನ ಅಡಿಕೆ ಬಂದರೆ ಜಗಲಿಯಲ್ಲಿ ಜಾಗ ಬೇಕು. ಮೂರನೆಯವನು ಮೊನ್ನೆ ಮತ್ತೆ ಫೋನ್ ಮಾಡಿ 27,000ಕ್ಕೆ ಏರಿದ್ದಾನೆ. ಈ ತಿಂಗಳ ಕೊನೆಯವರೆಗೆ ಕಾಯುತ್ತೇನೆಂದು ಹೆಂಡತಿಗೆ ಹೇಳಿದ್ದೇನೆ. ತಮ್ಮ ಇಲಾಖೆಯಿಂದ ಯಾರಾದರೂ ಬರುವುದಾದರೆ ತಕ್ಕಡಿ ತರುವುದು ಬೇಡ, ತೂಕ ಆಗಿದೆ. ರಸೀದಿ ಪುಸ್ತಕ ತರಲಿ. ಡಬ್ಬದ ಮೇಲಿನ ಸಂಖ್ಯೆ ಒಂದು ಅಂಕಿ ಬಿಟ್ಟು ಉಳಿದದ್ದೆಲ್ಲ ಇನ್ನೂ ಓದುವಂತಿದೆ.

ಇಂತಿ ತಮ್ಮ ವಿಶ್ವಾಸಿ,
ಚನ್ನಗಿರಿ ತಾಲ್ಲೂಕಿನ ಒಬ್ಬ ಲಾರಿ ಮಾಲೀಕ